ಹೊಗೆಗೊಂದು ಕೋಣೆ

ಈ ಬೀದಿಯಲ್ಲಿ ಹೊಗೆಗೆ ಒಂದೇ ಕೋಣೆ ಬಿಟ್ಟುಕೊಟ್ಟರೆ ಸಾಕಂತೆ ಎಂದು ಕೇಳಿಕೊಂಡು ಮನೆ ಹುಡುಕಲು ಬಂದವರಲ್ಲಿ ನೀವು ಮೊದಲಿಗರಲ್ಲ. ಹೋದ ಚಳಿಗಾಲದಿಂದ ಬರುತ್ತಲೇ ಇದ್ದಾರೆ. ಬಂದವರೆಲ್ಲ ಹೀಗೇ ನಮ್ಮ ಜಗಲಿಯ ಮೇಲೆ ಕೂತು, ನೀರು ಕುಡಿದು, ಮೂಲೆಮನೆ ಖಾಲಿಯಿದೆಯೆ, ಅದರಾಚೆಯದು ಖಾಲಿಯಾಗುತ್ತದೆಯೆ ಎಂದು ವಿಚಾರಿಸುತ್ತಾರೆ. ಬೇರೆ ಬೀದಿಗಳಲ್ಲಿ ಎರಡೆರಡು ಕೋಣೆ ಕೇಳುವ ಹೊಗೆಗೆ ಇಲ್ಲಿ ಮಾತ್ರ ಒಂದೇ ಯಾಕೆ ಸಾಕಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ನೀವು ಕೇಳಿದಿರಿ, ಅದಕ್ಕೇ ಹೇಳುತ್ತೇನೆ. ನಿಮ್ಮ ಮಗಳು ಹಿತ್ತಲಲ್ಲಿ ನಮ್ಮ ಹೊನ್ನಿಯ ಜೊತೆ ಆಡಿಕೊಂಡಿರಲಿ, ನೀವು ಕೂತುಕೊಳ್ಳಿ. ನಡುವೆ ನಾನು ಮಾತು ನಿಲ್ಲಿಸಿದರೆ ಮುಗಿಯಿತೆಂದು ಎದ್ದುಬಿಡಬೇಡಿ, ಉಸಿರಿಗೆ ನಿಂತಿರುತ್ತೇನೆ. ದೀಪ ಹಚ್ಚುವ ಹೊತ್ತಿಗೆ ಮಾತ್ರ ನನ್ನನ್ನು ಬಿಟ್ಟುಬಿಡಬೇಕು, ಆಗ ನನಗೆ ಕೆಲಸವಿದೆ.

ನೀವು ಹೊರಗಿನಿಂದ ಭಟ್ಟಿ ಕೆಲಸಕ್ಕೆ ಬಂದವರು, ನಮ್ಮೂರ ರೀತಿ ರಿವಾಜು ನಿಮಗೆ ಪೂರ್ತಿ ಗೊತ್ತಿರಲಿಕ್ಕಿಲ್ಲ. ಇಲ್ಲಿ ಎರಡು ಕೋಣೆ ಇದ್ದವರು ಒಂದನ್ನು ಹೊಗೆಗೆ ಕೊಡಬೇಕು. ಅಡುಗೆಮನೆ ಲೆಕ್ಕಕ್ಕಿಲ್ಲ. ನಮ್ಮತ್ತೆ ಮದುವೆಯಾಗಿ ಬಂದಾಗಲೂ ಹೀಗೇ ಇತ್ತಂತೆ. ಆಗ ಭಟ್ಟಿಯಲ್ಲಿ ಸುಣ್ಣ ಸುಡುತ್ತಿದ್ದರು, ಈಗ ಹಳೇ ಟೈರು ಬೇಯಿಸಿ ಎಣ್ಣೆ ಇಳಿಸುತ್ತಾರೆ, ಅಷ್ಟೇ ವ್ಯತ್ಯಾಸ. ಸಂಜೆಯಾಗುತ್ತಲೂ ಹೊಗೆ ಬೀದಿಗೆ ಇಳಿಯುತ್ತದೆ. ಬೀದಿಕೋಣೆಯಲ್ಲಿ ಮಣೆ ಹಾಕಿ, ಚೊಂಬಿನಲ್ಲಿ ನೀರಿಟ್ಟು, ಮನೆಯ ಹಿರಿಯ ಹೆಂಗಸು ಹೊರಬಾಗಿಲು ತೆರೆದು, "ಬನ್ನಿ, ಒಳಗೆ ಜಾಗ ಇದೆ" ಎನ್ನಬೇಕು. ಅದು ಒಳಗೆ ಬಂದು ಕೂರುತ್ತದೆ. ನಾವು ಒಳಬಾಗಿಲ ಸಂದಿಗೆ ಒದ್ದೆ ಗೋಣಿತಾಟು ತುರುಕಿ, ನಮ್ಮ ಪಾಡಿಗೆ ಉಂಡು ಮಲಗುತ್ತೇವೆ. ಬಿಸಿಲೇರಿದ ಮೇಲೆ ನೋಡಿದರೆ ಎದ್ದು ಹೋಗಿರುತ್ತದೆ. ಚೊಂಬಿನ ನೀರಿನ ಮೇಲೆ ಕರೀ ಕೆನೆ ಕಟ್ಟಿರುತ್ತದೆ. ಅದನ್ನು ಚೆಲ್ಲಿ, ಗೋಡೆ ಒರೆಸಿದರೆ ಆಯಿತು.

ಶಾಲೆಯಲ್ಲಿ ಒಂದನೇ ತರಗತಿಯ ಕೋಣೆ ಅದಕ್ಕೇ ಬಿಟ್ಟಿದೆ, ಮಕ್ಕಳನ್ನು ಎರಡನೇ ತರಗತಿಯವರ ಜೊತೆ ಕೂರಿಸುತ್ತಾರೆ. ಆಸ್ಪತ್ರೆಯಲ್ಲಿ ಎದೆ ರೋಗದವರ ವಾರ್ಡನ್ನೇ ಕೊಟ್ಟುಬಿಟ್ಟಿದ್ದಾರೆ. ಎದೆ ರೋಗದವರು ವರಾಂಡದಲ್ಲಿ ಮಲಗುತ್ತಾರೆ. ಹೆಣ್ಣು ನೋಡಲು ಬಂದವರು ಬಂಗಾರದ ಮಾತೆತ್ತುವ ಮೊದಲು ಮನೆಗೆಷ್ಟು ಕೋಣೆ, ಹೊಗೆಯದು ಯಾವುದು ಎಂದು ಕೇಳುತ್ತಾರೆ. ನಗಬೇಡಿ, ನೀವೂ ಬಂದೊಡನೆ ಅದನ್ನೇ ಕೇಳಿದಿರಿ. ಬೇವಿನ ಎಲೆಯನ್ನು ಬೆರಳಲ್ಲಿ ಉಜ್ಜಿದರೆ ಒಳಗೆ ಹಸಿರು ಕಾಣುತ್ತದೆ, ನಮ್ಮ ಮಕ್ಕಳಿಗೆ ಅದೇ ಒಂದು ಆಟ. ಜೇನು ಬರುವುದು ನಿಂತು ಎಷ್ಟೋ ಕಾಲವಾಯಿತು. ನುಗ್ಗೆ ಹೂವು ಕಾಯಿ ಕಟ್ಟದೆ ಉದುರಿ ಹೋಗುತ್ತದೆ. ಭಟ್ಟಿಯ ಯಜಮಾನರ ಮನೆ ಗುಡ್ಡದ ಆಚೆಗಿದೆ. ಅಲ್ಲಿ ಎಷ್ಟು ಕೋಣೆಯಿದೆಯೋ, ನೋಡಿದವರು ನಮ್ಮಲ್ಲಿ ಯಾರೂ ಇಲ್ಲ.

ಇನ್ನೊಂದು ವಿಷಯ ನೆನಪಿನಲ್ಲಿಟ್ಟುಕೊಳ್ಳಿ. ಹೊಗೆಗೂ ಮರ್ಯಾದೆ ಗೊತ್ತು. ಹೊಸ್ತಿಲಲ್ಲಿ ಹಿರಿಯರು ಚೊಂಬು ಹಿಡಿದು ಕೂತಿದ್ದರೆ ಅವರನ್ನು ದಾಟಿ ಕಿರಿಯರ ಕಡೆಗೆ ಅದು ಹೋಗುವುದಿಲ್ಲ. ನಾನು ಹೊಸ ಸೊಸೆಯಾಗಿದ್ದಾಗ ಹುರುಪಿನಿಂದ ಬಾಗಿಲು ತೆರೆದು ಕರೆದರೆ ನನ್ನ ಕಡೆ ತಿರುಗಿಯೂ ನೋಡದೆ, ಜಗಲಿಯ ಮೇಲಿದ್ದ ನಮ್ಮತ್ತೆಯ ಮುಂದೆ ಹೋಗಿ ನಿಂತಿತ್ತು. ನಮ್ಮತ್ತೆಗೆ ಆವತ್ತು ಎಷ್ಟು ಹೆಮ್ಮೆಯಾಯಿತೆಂದರೆ, ಸಾಯುವವರೆಗೂ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು.

ನಮ್ಮದು ಬೀದಿಕೋಣೆ, ನಡುಮನೆ, ಅಡುಗೆಮನೆ ಇರುವ ಮನೆ, ಈ ಬೀದಿಯ ಎಲ್ಲ ಮನೆಗಳ ಹಾಗೆ ನಡುಮನೆಗೂ ಬೀದಿಯ ಕಡೆಗೆ ಬೇರೆ ಬಾಗಿಲಿದೆ. ಬೀದಿಕೋಣೆ ಹೊಗೆಯದು. ನನ್ನ ಗಂಡ ಭಟ್ಟಿಯಲ್ಲೇ ದುಡಿದು, ಕೆಮ್ಮಿ ಕೆಮ್ಮಿ, ಆ ಆಸ್ಪತ್ರೆ ವರಾಂಡದಲ್ಲೇ ಹೋದರು. ನನಗೆ ಮಕ್ಕಳಿಲ್ಲ. ಮೈದುನ ನಂಜೇಶ ಅದೇ ಭಟ್ಟಿಯಲ್ಲಿ ಬೆಂಕಿ ಬಾಯಿಗೆ ಟೈರು ಒಡ್ಡುತ್ತಾನೆ. ಅವನ ಹೆಂಡತಿ ದೇವೀರಿ. ವಾರಗಿತ್ತಿಯರು ಹಾವು ಮುಂಗುಸಿ ಎನ್ನುತ್ತಾರಲ್ಲ, ನಮ್ಮಿಬ್ಬರಲ್ಲಿ ಅದು ನಡೆಯಲಿಲ್ಲ. ಅವಳು ಹಡೆದಳು, ನಾನು ಸಾಕಿದೆ. ಹೊನ್ನಿ ಹುಟ್ಟಿದಾಗಲೇ ಅವಳ ಉಸಿರಿನಲ್ಲಿ ಸುಂಯ್ ಎಂಬ ಸದ್ದಿತ್ತು. ಚಳಿ ಬಿದ್ದರೆ ಸಾಕು, ಪಕ್ಕೆ ಒಳಗೆ ಸೆಳೆದುಕೊಂಡು, ಕುತ್ತಿಗೆಯ ಗುಳಿ ಬಡಿದುಕೊಳ್ಳುತ್ತಿತ್ತು. ಡಾಕ್ಟರು ಕೊಟ್ಟ ಪಂಪನ್ನು ಬಾಯಿಗಿಟ್ಟು ಒತ್ತಿದರೆ ಸ್ವಲ್ಪ ಹೊತ್ತು ಸುಧಾರಿಸುತ್ತಿತ್ತು. ಅವಳು ಮಲಗಿದಾಗ ಆ ಸದ್ದಿಗೆ ಕಿವಿ ಕೊಟ್ಟುಕೊಂಡೇ ನಾನೂ ದೇವೀರಿಯೂ ಮಲಗುತ್ತಿದ್ದೆವು. ಸದ್ದಿದ್ದರೆ ಭಯ, ನಿಂತರೆ ಇನ್ನೂ ಭಯ.

ಹೋದ ಚಳಿಗಾಲಕ್ಕೆ ಮುಂಚೆ ಡಾಕ್ಟರು ಹೊನ್ನಿಯ ಎದೆಯ ಫೋಟೋ ತೆಗೆಸಿದರು. ಕಪ್ಪು ಫಿಲಂ ಹಾಳೆಯನ್ನು ಕಿಟಕಿಗೆ ಹಿಡಿದು, ಮಗು ಹೆದರದಿರಲಿ ಎಂದು ಅವಳಿಗೇ ವಿವರಿಸಿದರು. ಒಳ್ಳೆಯ ಮನುಷ್ಯ, ಮಕ್ಕಳೆಂದರೆ ಪ್ರಾಣ.

"ನೋಡು ಪುಟ್ಟಿ, ನಿನ್ನ ಎದೆಯೊಳಗೆ ಎರಡು ಕೋಣೆ ಇದೆ. ಇದು ಬಲಗಡೆದು, ಇದು ಎಡಗಡೆದು. ಎರಡರಲ್ಲೂ ಗಾಳಿ ಓಡಾಡ್ತಾ ಇರ್ಬೇಕು."

"ಎರಡಾ?" ಎಂದಳು ಹೊನ್ನಿ.

"ಹೂಂ, ಎರಡು. ಎಲ್ಲಾರಿಗೂ ಎರಡೇ."

ಅವಳು ಫ್ರಾಕಿನ ಕತ್ತಿನೊಳಗೆ ಇಣುಕಿ ನೋಡಿಕೊಂಡಳು. ನಾವೆಲ್ಲ ನಕ್ಕೆವು. ದಾರಿಯುದ್ದಕ್ಕೂ ಅವಳು ಒಂದು ಸಲ ಬಲಗಡೆ, ಒಂದು ಸಲ ಎಡಗಡೆ ಕೈಯಿಟ್ಟುಕೊಂಡು ನಡೆದಳು. ಮನೆಗೆ ಬಂದು ಅಪ್ಪನಿಗೂ ಹೇಳಿದಳು, ನನ್ನ ಹತ್ತಿರ ಎರಡು ಕೋಣೆ ಇದೆಯಂತೆ ಎಂದು. ನಂಜೇಶ ಅವಳನ್ನು ಎತ್ತಿಕೊಂಡು, ಹಾಗಾದರೆ ನೀನೇ ನಮ್ಮನೆಗಿಂತ ದೊಡ್ಡೋಳು ಎಂದ.

ಆಮೇಲೆ ಹೊಸ ಭಟ್ಟಿ ಹತ್ತಿಸಿದರು. ಒಂದು ಸಂಜೆ ನಾನು ಎಂದಿನಂತೆ ಬೀದಿಕೋಣೆ ತೆರೆದು ಕರೆದೆ. ಹೊಗೆ ಬಂತು, ಕೋಣೆ ತುಂಬಿತು, ಆದರೂ ಒಂದಷ್ಟು ಬೀದಿಯಲ್ಲೇ ಉಳಿಯಿತು. ಉಳಿದದ್ದು ಮೆಲ್ಲಗೆ ಸರಿದು ನಮ್ಮ ನಡುಮನೆಯ ಕಿಟಕಿಯ ಹತ್ತಿರ ಬಂದು ನಿಂತುಕೊಂಡಿತು. ಬಡಿಯಲಿಲ್ಲ, ನೂಕಲಿಲ್ಲ. ಬಸ್ಸು ತಪ್ಪಿಸಿಕೊಂಡ ನೆಂಟರು ಬಾಗಿಲಲ್ಲಿ ನಿಂತ ಹಾಗೆ ನಿಂತಿತ್ತು. ಕಿಟಕಿ ಮುಚ್ಚಿ, ಇದ್ದಬದ್ದ ಬಟ್ಟೆಯನ್ನೆಲ್ಲ ಸಂದಿಗೆ ತುರುಕಿದೆ. ಬೆಳಗಾಗುವವರೆಗೂ ಅದು ಅಲ್ಲಿಂದ ಕದಲಲಿಲ್ಲ.

ಮಾರನೆಯ ದಿನ ನಲ್ಲಿಯ ಹತ್ತಿರ ಎಲ್ಲರೂ ಒಬ್ಬರ ಮುಖ ಒಬ್ಬರು ಕದ್ದು ನೋಡುತ್ತಿದ್ದರು. ಕೊನೆಗೆ ಕೊಡ ತುಂಬಿಸಿಕೊಳ್ಳುತ್ತ ಎದುರು ಮನೆಯ ಕೆಂಪದೇವಮ್ಮ ಕೇಳಿದಳು.

"ನಿಮ್ಮನೇಲೂ ಕೇಳ್ತಾ ರಾಚವ್ವ?"

"ಕೇಳ್ತು. ನೀನೇನ್ ಮಾಡ್ದೆ?"

"ಏನ್ ಮಾಡೋದು, ನಡುಮನೆ ಬಿಟ್ಕೊಟ್ವಿ. ಅಡುಗೆಮನೇಲಿ ಎಲ್ಲಾರೂ ಒತ್ತಿಕೊಂಡು ಮಲಗಿದ್ವಿ. ಚಳಿಗಾಲ ಅಲ್ವಾ, ಬೆಚ್ಚಗಿತ್ತು."

ಉಳಿದ ಹೆಂಗಸರೂ ಹೌದು ಹೌದು, ಬೆಚ್ಚಗಿತ್ತು ಎಂದರು. ಎಲ್ಲರ ಕಣ್ಣೂ ಕೆಂಡದಂತಾಗಿದ್ದವು. ವಾರ ಕಳೆಯುವುದರೊಳಗೆ ಬೀದಿಯಲ್ಲಿ ನಡುಮನೆ ಕೊಡದವರು ನಾವಷ್ಟೇ ಉಳಿದೆವು. ನಮ್ಮೂರಿನಲ್ಲಿ ಯಾರನ್ನೂ ಬಲವಂತ ಮಾಡುವುದಿಲ್ಲ. ಆದರೆ ಒಂದು ಮನೆ ಬೇಡವೆಂದ ಹೊಗೆ ಪಕ್ಕದ ಮನೆಗೋ ಎದುರು ಮನೆಗೋ ಹೋಗುತ್ತದೆ, ಅದು ಎಲ್ಲರಿಗೂ ಗೊತ್ತು. ಎದುರು ಮನೆಯಲ್ಲಿ ಕೆಂಪದೇವಮ್ಮನ ಮಗಳು ಬಾಣಂತಿ, ಬೆರಳುದ್ದದ ಕೂಸು.

"ಅಕ್ಕಾ, ನಡುಮನೆ ಬಾಗ್ಲು ನಾನು ತೆಗೆಯಲ್ಲ, ನೀವೂ ತೆಗೀಬೇಡಿ," ಎಂದಳು ದೇವೀರಿ. "ಒಲೆ ಮುಂದೆ ಇವಳನ್ನ ಮಲಗಿಸಿದ್ರೆ ಒಂದು ರಾತ್ರಿನೂ ತಡೆಯಲ್ಲ. ಬೀದಿಯೋರು ಏನಾರ ಅಂದ್ಕೊಳ್ಳಲಿ."

ನಾನು ಆಗಲಿ ಎಂದೆ. ಬಾಯಲ್ಲಿ ಆಗಲಿ ಎಂದೆನೇ ಹೊರತು, ಎದುರು ಮನೆಯ ತೊಟ್ಟಿಲು ಕಣ್ಣಿಗೆ ಕಟ್ಟಿದಂತಿತ್ತು. ಎರಡು ದಿನ ಬಿಟ್ಟು ಕೆಂಪದೇವಮ್ಮನೇ ಬಂದಳು. ಜಗಳಕ್ಕೆ ಬಂದಿದ್ದರೆ ನನಗೆ ಸಲೀಸಾಗುತ್ತಿತ್ತು, ಜಗಳದಲ್ಲಿ ನಾನು ಯಾರಿಗೂ ಸೋತವಳಲ್ಲ. ಆದರೆ ಅವಳು ನಡುಮನೆಯಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡು ಮೆಲ್ಲಗೆ ಮಾತಾಡಿದಳು.

"ಕೂಸು ಹಾಲು ಕಕ್ತಾ ಇದೆ ರಾಚವ್ವ. ಕಕ್ಕಿದ್ದು ಬೂದಿ ಬಣ್ಣ. ನಿಮ್ಮನೇದೂ ನಮ್ಮನೇಗೇ ಬರ್ತಾ ಇದೆ, ಅಡುಗೆಮನೆ ಬಾಗ್ಲಲ್ಲಿ ನಿಂತಿರ್ತದೆ. ನಿನ್ನ ಮಗು ಬೇಡ ಅಂತ ನಾನು ಹೇಳ್ತೀನಾ? ಹೊನ್ನಿ ನಂಗೂ ಮಗೂನೇ. ಆದ್ರೆ ನಮ್ಮ ಕೂಸು ಇನ್ನೂ ಕಣ್ಣು ಬಿಟ್ಟು ಸರಿಯಾಗಿ ನೋಡಿಲ್ಲ ಕಣವ್ವ."

ದೇವೀರಿ ಗೋಡೆಗೆ ಒರಗಿ ನಿಂತಿದ್ದಳು. ಹೊನ್ನಿ ಅಲ್ಲೇ ಮೂಲೆಯಲ್ಲಿ ಬಳಪ ಹಿಡಿದು ಸ್ಲೇಟಿನ ಮೇಲೆ ಏನೋ ಗೀಚುತ್ತಿದ್ದಳು. ಅವಳು ಒಂದೊಂದು ಮಾತನ್ನೂ ಕೇಳಿಸಿಕೊಂಡಿದ್ದಳೆಂದು ನನಗೆ ಹೊಳೆಯಲಿಲ್ಲ. ಮಕ್ಕಳ ಮುಂದೆ ಸಾವಿರ ಮಾತಾಡುತ್ತೇವೆ, ಅವುಗಳಿಗೆ ಕಿವಿಯಿದೆ ಎಂಬುದೇ ಮರೆತುಹೋಗಿರುತ್ತದೆ.

ಸಂಜೆಯ ಮುಂಚೆ ನಂಜೇಶ ಕೆಲಸದಿಂದ ಬಂದ. ಮೂವರೂ ಕೂತು ಮಾತಾಡಿದೆವು. ದೇವೀರಿಯ ತವರು ಗುಡ್ಡದಾಚೆಯ ಊರು. ಅಲ್ಲಿ ಬೆಳಗ್ಗೆ ಎದ್ದರೆ ಆಕಾಶ ನೀಲಿ ಕಾಣುತ್ತದಂತೆ. ಸೋಮವಾರದ ಬಸ್ಸಿಗೆ ತಾಯಿ ಮಗಳನ್ನು ಅಲ್ಲಿಗೆ ಕಳಿಸುವುದು, ಅವರು ಹೊರಟ ಸಂಜೆಯೇ ನಡುಮನೆಯನ್ನು ಹೊಗೆಗೆ ಬಿಟ್ಟುಕೊಡುವುದು ಎಂದು ತೀರ್ಮಾನವಾಯಿತು. ಇಷ್ಟು ಸುಲಭದ್ದು ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ನನಗೆ ನಗುವೇ ಬಂತು. ದೇವೀರಿ ಆಗಲೇ ಟ್ರಂಕು ಇಳಿಸಿ ಮಗುವಿನ ಬಟ್ಟೆ ಮಡಿಸತೊಡಗಿದಳು. ನಾನು ಬೀದಿಕೋಣೆಗೆ ಹೊಗೆಯನ್ನು ಕರೆದು, ಹಾಗೇ ಎದುರು ಮನೆಗೆ ದಾಟಿದೆ. ಸೋಮವಾರದವರೆಗೆ ಹೇಗಾದರೂ ತಡೆದುಕೊಳ್ಳಿ ಎಂದು ಹೇಳಬೇಕಾಗಿತ್ತು. ಕೆಂಪದೇವಮ್ಮ ನನ್ನ ಕೈ ಹಿಡಿದುಕೊಂಡು ಅತ್ತಳು. ನಾನೂ ಅತ್ತೆ.

ಹಿಂದಿರುಗಿ ಬೀದಿಗೆ ಕಾಲಿಟ್ಟಾಗ ಏನೋ ಸರಿಯಿಲ್ಲ ಎನ್ನಿಸಿತು. ಆ ಹೊತ್ತಿಗೆ ಎದುರು ಗೋಡೆ ಕಾಣಬಾರದು, ಕಾಣುತ್ತಿತ್ತು. ಉಳಿದ ಹೊಗೆಯೆಲ್ಲ ದಾರದ ಹಾಗೆ ಸಣ್ಣಗಾಗಿ ನಮ್ಮ ಮನೆಯ ಕಡೆಗೆ ಹೋಗುತ್ತಿತ್ತು. ನಡುಮನೆಯ ಹೊಸ್ತಿಲಲ್ಲಿ ಹೊನ್ನಿ ಕೂತಿದ್ದಳು. ಮುಂದೆ ಮಣೆ ಹಾಕಿದ್ದಳು. ಚೊಂಬಿನಲ್ಲಿ ನೀರಿಟ್ಟಿದ್ದಳು. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಡಾಕ್ಟರಿಗೆ ಗಂಟಲು ತೋರಿಸುವಂತೆ ಮುಖ ಮೇಲೆತ್ತಿ ಬಾಯಿ ತೆರೆದು ಕೂತಿದ್ದಳು. ದಾರದ ತುದಿ ಒಳಗೆ ಹೋದ ಮೇಲೆ ಬಾಯಿ ಮುಚ್ಚಿ, ಮುಂಗೈಯಿಂದ ತುಟಿ ಒರೆಸಿಕೊಂಡಳು.

"ಹೊನ್ನಿ, ಏನೇ ಮಾಡ್ದೆ?" ಎಂದೆ.

"ಪಾಪ, ಹೊರಗೆ ನಿಂತಿತ್ತು ದೊಡ್ಡವ್ವ. ನನ್ನ ಹತ್ರ ಎರಡು ಇದೆಯಲ್ಲ, ಅದಕ್ಕೆ ಬಲಗಡೆದು ಕೊಟ್ಟೆ. ಎಡಗಡೆದು ನಂದು."

ದೇವೀರಿ ಅಡುಗೆಮನೆಯಿಂದ ಓಡಿ ಬಂದು ಮಗುವನ್ನು ಬೋರಲು ಹಾಕಿ ಬೆನ್ನಿಗೆ ಬಡಿದಳು. ಉಪ್ಪುನೀರು ಕುಡಿಸಿದಳು, ಗಂಟಲಿಗೆ ಬೆರಳು ಹಾಕಿದಳು. ಬರೀ ಜೊಲ್ಲು ಬಂತು. ಹೊನ್ನಿ ಅಳುತ್ತ, ನಾನು ಸರಿಯಾಗೇ ಕರೆದೆನಲ್ಲ, ಬನ್ನಿ ಅಂದೆನಲ್ಲ, ಯಾಕೆ ಹೊಡೀತೀಯ ಎಂದು ಕೇಳಿದಳು. ನಾವು ಕಲಿಸಿದ್ದನ್ನೇ ಅವಳು ಮಾಡಿದ್ದಳು. ಮಗು ಹುಟ್ಟಿದಾಗಿನಿಂದ ದಿನಾ ಸಂಜೆ ನನ್ನ ಸೊಂಟದ ಮೇಲೆ ಕೂತು ಬಾಗಿಲು ತೆರೆಯುವುದನ್ನು ನೋಡಿತ್ತು.

ಆ ರಾತ್ರಿ ಸುಂಯ್ ಎಂಬ ಸದ್ದಿಲ್ಲದೆ ಅವಳು ಮಲಗಿದಳು. ಬೆಳಗ್ಗೆ ಡಾಕ್ಟರು ಎದೆಗೆ ಕೊಳವೆಯಿಟ್ಟು, ಎಡಗಡೆ ಚೆನ್ನಾಗಿದೆ ಎಂದರು. ಬಲಗಡೆ ಇಟ್ಟು ತುಂಬ ಹೊತ್ತು ಕೂತರು. ಕಿವಿಯಿಂದ ತೆಗೆದು ಒರೆಸಿ ಮತ್ತೆ ಇಟ್ಟರು. ಆಮೇಲೆ ಹೊನ್ನಿಯನ್ನು ವರಾಂಡಕ್ಕೆ ಕಳಿಸಿ, ಏನೂ ಕೇಳಿಸುತ್ತಿಲ್ಲ ಎಂದರು. ನಾನು ನಡೆದದ್ದು ಹೇಳಿದೆ. ಎರಡು ಕೋಣೆ ಎಂಬ ಮಾತು ಬಂದಾಗ ಅವರ ಮುಖ ಬಿಳುಚಿಕೊಂಡಿತು.

"ಇದನ್ನ ಬೇರೆ ಮಕ್ಕಳ ಮುಂದೆ ಹೇಳ್ಬೇಡಿ," ಎಂದರು. "ದಮ್ಮಯ್ಯ, ಯಾರಿಗೂ ಹೇಳ್ಬೇಡಿ."

ಬೀದಿಯಲ್ಲಿ ಸುದ್ದಿ ನಿಲ್ಲುತ್ತದೆಯೆ? ಕೋಣೆಗಳಿಂದ ಬೆಳಗ್ಗೆ ಎದ್ದು ಹೋಗುವ ಹೊಗೆ ಅವಳೊಳಗಿಂದ ಹೋಗಲಿಲ್ಲ. ಸಂಜೆ ಮತ್ತಷ್ಟು ಬಂತು. ದೇವೀರಿ ಮಗುವನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಚಿಲಕ ಹಾಕಿದರೆ ಚಿಲಕದ ತೂತಿನಿಂದ ಬಂತು. ಒಮ್ಮೆ ಜಾಗ ಇದೆ ಎಂದು ಕರೆಸಿಕೊಂಡದ್ದಕ್ಕೆ ದಾರಿ ತೋರಿಸಬೇಕಾಗಿಲ್ಲ. ಬೀದಿಯ ಬೇರೆ ಯಾವ ಮನೆಯಲ್ಲೂ ಅದು ಎರಡನೇ ಕೋಣೆ ಕೇಳಲಿಲ್ಲ. ಎಲ್ಲರೂ ನಡುಮನೆಗೆ ಹಾಸಿಗೆ ಹಿಂದಕ್ಕೆ ತಂದುಕೊಂಡರು. ಎದುರು ಮನೆಯ ಕೂಸು ಹಾಲು ಅರಗಿಸಿಕೊಂಡಿತು. ಹೆಂಗಸರು ಒಬ್ಬೊಬ್ಬರಾಗಿ ಬಂದು ಹೊನ್ನಿಗೆ ಮಲ್ಲಿಗೆ ಮುಡಿಸಿ, ಕೊಬ್ಬರಿ ಸಕ್ಕರೆ ಕೊಟ್ಟು, ದೃಷ್ಟಿ ತೆಗೆದು ಹೋದರು. ಕೆಂಪದೇವಮ್ಮ ಉಂಡೆ ಕಟ್ಟಿಕೊಂಡು ಬಂದು, ನಿಮ್ಮ ಹೊನ್ನಿ ಚಿನ್ನ ಕಣೇ ದೇವೀರಿ ಎಂದಳು. ಅವಳು ಹೊಸ್ತಿಲು ದಾಟುವುದರೊಳಗೆ ದೇವೀರಿ ಆ ಉಂಡೆಗಳನ್ನು ಚರಂಡಿಗೆ ಎಸೆದಳು. ಕೆಂಪದೇವಮ್ಮ ನೋಡಿದಳು, ಸೆರಗು ಹೊದ್ದು ತನ್ನ ಮನೆಗೆ ದಾಟಿದಳು.

ಸೋಮವಾರದ ಬಸ್ಸಿಗೆ ಹೊರಟೆವು, ನಾನೂ ಜೊತೆಗೆ ಹೋದೆ. ಗುಡ್ಡ ಏರುವ ತನಕ ಹೊನ್ನಿ ಕಿಟಕಿಯ ಪಕ್ಕ ಕೂತು ಹಾಡಿಕೊಳ್ಳುತ್ತಿದ್ದಳು. ನೆತ್ತಿ ತಲುಪುತ್ತಲೂ ಬಸ್ಸಿನವರೆಲ್ಲ ಗಾಜು ಸರಿಸಿ, ಮುಖ ಹೊರಗೆ ಚಾಚಿ, ಆಹಾ ಎಂದು ಗಾಳಿ ಎಳೆದುಕೊಂಡರು. ನಾನೂ ಎಳೆದುಕೊಂಡೆ. ತಣ್ಣಗೆ, ಹಸಿ ಹುಲ್ಲಿನ ವಾಸನೆ. ಇಷ್ಟು ವರ್ಷ ಇದು ಇಲ್ಲೇ, ಇಷ್ಟು ಹತ್ತಿರದಲ್ಲೇ ಇತ್ತೆ ಎಂದು ಹೊಟ್ಟೆ ಉರಿಯಿತು. ಅಷ್ಟರಲ್ಲಿ ದೇವೀರಿ ಅಕ್ಕಾ ಎಂದಳು. ಹೊನ್ನಿಯ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಎದೆಯ ಬಲಗಡೆ ಒಳಗಿನಿಂದ ಏನೋ ಗುದ್ದುತ್ತಿರುವುದು ಫ್ರಾಕಿನ ಮೇಲೆಯೇ ಕಾಣುತ್ತಿತ್ತು. ಬಾಯಿ ತೆರೆದಿದ್ದಳು, ಆ ಒಳ್ಳೆಯ ಗಾಳಿ ಒಳಗೆ ಹೋಗುತ್ತಿರಲಿಲ್ಲ. ಪಂಪು ಒತ್ತಿದೆವು, ಏನೂ ಆಗಲಿಲ್ಲ. ಅಲ್ಲೇ ಇಳಿದುಬಿಟ್ಟೆವು. ಹಳೇ ಟೈರು ತುಂಬಿಕೊಂಡು ನಮ್ಮೂರ ಭಟ್ಟಿಗೆ ಹೋಗುತ್ತಿದ್ದ ಲಾರಿಗೆ ಕೈ ಅಡ್ಡ ಹಾಕಿ, ಟೈರುಗಳ ಮೇಲೆ ಕೂತು ಹಿಂದಿರುಗಿದೆವು. ಗುಡ್ಡ ಇಳಿದು ರಬ್ಬರಿನ ಕಮಟು ಮೂಗಿಗೆ ಹೊಡೆದಾಗ ಮಗು ಉಸಿರಾಡಿತು. ದೇವೀರಿ ಮಗಳನ್ನು ಅವುಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಸಂತೋಷಕ್ಕೆ ಅತ್ತಳೋ ದುಃಖಕ್ಕೆ ಅತ್ತಳೋ ನಾನು ಕೇಳಲಿಲ್ಲ.

ಊರು ಬಿಟ್ಟು ಹೋಗಬಾರದಿತ್ತೆ ಎಂದು ಕೇಳಬೇಕೆಂದಿದ್ದಿರಿ, ನಿಮ್ಮ ಮುಖ ನೋಡಿದರೇ ಗೊತ್ತಾಯಿತು. ಬಿಟ್ಟು ಹೋದದ್ದು ಹಾಗಾಯಿತು.

ಸ್ವಲ್ಪ ತಾಳಿ. ಹೂಂ. ಈಗ ಸರಿಹೋಯಿತು.

ಅಂತೂ ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ನಾನು ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಹೊನ್ನಿ ಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಮೈ ಹಗುರವಾಗಿತ್ತು, ಉಗುರಿನ ಬುಡ ಬೂದಿ ಬಣ್ಣ. ಮೊದಲು ಬೀದಿಯ ಆ ತುದಿಯವರೆಗೆ ಓಡುತ್ತಿದ್ದವಳಿಗೆ ಈಗ ಹಿತ್ತಲಿಗೆ ಹೋಗಿ ಬಂದರೆ ಆಯಾಸ. ಅವಳ ಕೂದಲಲ್ಲಿ ಭಟ್ಟಿಯ ವಾಸನೆ ಇತ್ತು. ನನ್ನ ಗಂಡನ ದಿಂಬಿನಲ್ಲಿ ಇರುತ್ತಿದ್ದ ವಾಸನೆ ಅದು.

"ದೊಡ್ಡವ್ವ," ಎಂದಳು.

"ಏನಮ್ಮ?"

"ಎಡಗಡೆದೂ ಕೇಳ್ತಾ ಇದೆ. ಏನು ಹೇಳ್ಲಿ?"

ಮೊರ ನನ್ನ ಕೈಯಿಂದ ಜಾರಿ ಅಕ್ಕಿಯೆಲ್ಲ ಚೆಲ್ಲಿತು. ಜೀವಮಾನದಲ್ಲಿ ನಾನು ಎಷ್ಟೋ ಸಲ ಹೆದರಿದ್ದೇನೆ, ಗಂಡ ಸತ್ತ ದಿನವೂ ಹೆದರಿದ್ದೆ. ಆವತ್ತಿನ ಹಾಗೆ ಎಂದೂ ಇಲ್ಲ. ಎಡಗಡೆಯದೂ ಹೋದರೆ ಮಗುವಿಗೆಂದು ಉಳಿಯುವುದೇನು? ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಕೇಳಿದರೆ ಇಲ್ಲವೆನ್ನಬಾರದು ಎಂದು ಬೆಳೆಸಿದ ಮಗು. ನಾನು ಸುಮ್ಮನಿದ್ದರೆ ಆ ಸಂಜೆಯೇ ಕೊಟ್ಟುಬಿಡುತ್ತಿದ್ದಳು. ಆಗ ನನಗೆ ನಮ್ಮತ್ತೆ ನೆನಪಾದರು. ಜಗಲಿಯ ಮೇಲೆ ಕಾಲು ಚಾಚಿ ಕೂತು, ನನ್ನನ್ನು ದಾಟಿ ನಿನ್ನ ಹತ್ತಿರ ಬರಲಿಲ್ಲ ನೋಡು ಎಂದು ಅವರು ಬೀಗಿದ್ದು ನೆನಪಾಯಿತು.

"ಮನೇಲಿ ದೊಡ್ಡೋರಿದಾರೆ, ಅವರನ್ನ ಕೇಳ್ಬೇಕು ಅನ್ನು," ಎಂದೆ. "ದೊಡ್ಡವ್ವನ ಹತ್ರಾನೂ ಎರಡು ಇದೆ ಅನ್ನು."

ಆ ಸಂಜೆ ಹೊನ್ನಿಯನ್ನು ಒಳಗೆ ದೇವೀರಿಯ ಮಡಿಲಲ್ಲಿ ಕೂರಿಸಿ, ನಡುಮನೆಯ ಹೊಸ್ತಿಲಲ್ಲಿ ನಾನು ಕೂತೆ. ಮಣೆ ಹಾಕಿದೆ, ಚೊಂಬಿಟ್ಟೆ. ಹೊಗೆ ಬಂತು. ನನ್ನ ತಲೆಯ ಮೇಲಿನಿಂದ ಒಳಗೆ ಇಣುಕಿತು. ಮಗುವಿನ ಕಡೆಗೇ ಹೋಗುತ್ತದೆಂದು ಎರಡೂ ಕೈಯನ್ನು ಬಾಗಿಲಿಗೆ ಅಡ್ಡ ಹಿಡಿದೆ. "ಬನ್ನಿ, ಒಳಗೆ ಜಾಗ ಇದೆ" ಎಂದೆ. ಬೀದಿಕೋಣೆಗೆ ಇಷ್ಟು ವರ್ಷ ಕರೆದ ಮಾತೇ, ಆದರೆ ನಾಲಿಗೆ ಹೊರಳಲಿಲ್ಲ, ಎರಡನೇ ಸಲ ಹೇಳಬೇಕಾಯಿತು. ಅದು ಸ್ವಲ್ಪ ಹೊತ್ತು ಯೋಚಿಸುತ್ತಿರುವಂತೆ ನಿಂತಿತ್ತು. ಆಮೇಲೆ ನನ್ನ ಮುಂದೆ ಬಗ್ಗಿತು. ಒದ್ದೆ ಕಂಬಳಿಯನ್ನು ನುಂಗಿದರೆ ಹೇಗಿರುತ್ತದೋ ಹಾಗಿತ್ತು. ಕಣ್ಣಲ್ಲಿ ನೀರು ಸುರಿಯಿತು, ಬಾಯಿ ಮಾತ್ರ ಮುಚ್ಚಲಿಲ್ಲ. ಅದು ಮುಗಿಯುವ ಹೊತ್ತಿಗೆ ಬೀದಿಯ ಮನೆಗಳಲ್ಲಿ ನಡುಮನೆಯ ಬಾಗಿಲುಗಳಿಗೆ ಚಿಲಕ ಹಾಕಿಕೊಳ್ಳುವ ಸದ್ದು ಒಂದಾದ ಮೇಲೊಂದು ಕೇಳಿಸಿತು. ಎಲ್ಲರೂ ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಈ ಮನೆಯಲ್ಲಿ ಕೊಡುವವರು ಇನ್ನೂ ಇದ್ದಾರೆ ಎಂದು ತಿಳಿದ ಮೇಲೆ ಅವರು ಬಾಗಿಲು ಹಾಕಿಕೊಳ್ಳದೆ ಇನ್ನೇನು ಮಾಡಿಯಾರು? ನಾನಾಗಿದ್ದರೂ ಹಾಕಿಕೊಳ್ಳುತ್ತಿದ್ದೆ.

ಹೊನ್ನಿಯ ಎಡಗಡೆ ಇನ್ನೂ ಅವಳದೇ. ಡಾಕ್ಟರು ವಾರಕ್ಕೊಮ್ಮೆ ಬಂದು ಕೇಳಿಸಿಕೊಂಡು, ಚೆನ್ನಾಗಿದೆ ಎನ್ನುತ್ತಾರೆ. ನನ್ನ ಎದೆಗೆ ಕೊಳವೆಯಿಡಲು ನಾನು ಬಿಡುವುದಿಲ್ಲ. ನನ್ನ ಬಲಗಡೆಯದು ಯುಗಾದಿಯ ಹೊತ್ತಿಗೇ ತುಂಬಿತು, ಈಗ ಎಡಗಡೆಯದು ನಡೆಯುತ್ತಿದೆ. ಅಕ್ಕಾ, ನಿಮ್ಮ ನಂತರ ನಾನು ಕೂರುತ್ತೇನೆ ಎಂದು ದೇವೀರಿ ಒಮ್ಮೆ ಮಾತ್ರ ಹೇಳಿದಳು. ಅವಳ ನಂತರ ಯಾರು ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಂಜೇಶ ಕೂರಲಾರ, ಅವನೆದೆಯಲ್ಲಿ ಭಟ್ಟಿ ಏನನ್ನೂ ಬಾಕಿ ಉಳಿಸಿಲ್ಲ. ಇನ್ನೊಂದು ಹೊಸ ಭಟ್ಟಿ ಕಟ್ಟುತ್ತಿದ್ದಾರಂತೆ, ನೀವು ಅದರ ಕೆಲಸಕ್ಕೇ ಬಂದಿದ್ದೀರಿ ಎಂದು ಕೇಳಿದೆ. ಅದರಲ್ಲಿ ನಿಮ್ಮ ತಪ್ಪೇನಿದೆ ಬಿಡಿ, ಹೊಟ್ಟೆಪಾಡು.

ಮೂಲೆಮನೆ ಖಾಲಿಯಿದೆ. ಬೇಕಿದ್ದರೆ ತೆಗೆದುಕೊಳ್ಳಿ, ನಾನು ಅಡ್ಡ ಬರುವುದಿಲ್ಲ. ಆದರೆ ಹಿತ್ತಲಲ್ಲಿ ಇಷ್ಟು ಹೊತ್ತು ಕೇಳುತ್ತಿದ್ದ ಮಕ್ಕಳ ಸದ್ದು ನಿಂತಿದೆ, ನೀವು ಗಮನಿಸಲಿಲ್ಲ. ಬೇಗ ಎದ್ದು ಹೋಗಿ ನೋಡಿ. ಹೊಸ ಮಕ್ಕಳು ಸಿಕ್ಕರೆ ಹೊನ್ನಿ ಅವರ ಎದೆಗೆ ಕಿವಿಯಿಟ್ಟು, ನಿನ್ನೊಳಗೂ ಎರಡು ಕೋಣೆ ಇದೆ ಗೊತ್ತಾ ಎಂದು ಹೇಳಿಕೊಡುತ್ತಾಳೆ. ಎಷ್ಟು ಗದರಿಸಿದರೂ ಕೇಳುವುದಿಲ್ಲ, ಒಳ್ಳೆಯದನ್ನೇ ಕಲಿಸುತ್ತಿದ್ದೇನೆ ಎಂದುಕೊಂಡಿದ್ದಾಳೆ. ನಿಮ್ಮ ಮಗಳನ್ನು ಎತ್ತಿಕೊಂಡು ಕತ್ತಲಾಗುವ ಮೊದಲು ಹೊರಡಿ. ಹೋಗುವಾಗ ಆ ಚೊಂಬನ್ನು ಇತ್ತ ಕೊಡಿ. ಹೊನ್ನಿ ಕೈಕಾಲು ತೊಳೆದುಕೊಂಡು ಬರುವಷ್ಟರಲ್ಲಿ ನಾನು ಹೊಸ್ತಿಲಲ್ಲಿ ಕೂತಿರಬೇಕು.